ನಿವೃತ್ತ ಗಂಡಸರಿಗಾಗಿ ಓಣಿಯಲ್ಲೊಂದು ಮೆನ್ಸ್ ಶೆಡ್: ಆರಂಭಿಸುವ ಬಗೆ

ರೈಲ್ವೆ ವರ್ಕ್‌ಶಾಪಿನಲ್ಲೋ, ಬಸ್ ಡಿಪೋದಲ್ಲೋ, ಗೋಕುಲ ರಸ್ತೆಯ ಕಾರ್ಖಾನೆಗಳಲ್ಲೋ ದುಡಿದು ನಿವೃತ್ತರಾದ ಗಂಡಸರು ಹುಬ್ಬಳ್ಳಿಯಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಕಸುಬು ಗೊತ್ತಿದೆ, ಆದರೆ ಕೆಲಸದ ಜೊತೆಗಾರರು ದೂರವಾಗಿದ್ದಾರೆ. ಇಂಥವರು ಒಂದೆಡೆ ಸೇರಿ ಏನನ್ನಾದರೂ ತಯಾರಿಸುತ್ತ, ದುರಸ್ತಿ ಮಾಡುತ್ತ ಹೊತ್ತು ಕಳೆಯುವ ಜಾಗಕ್ಕೆ ಆಸ್ಟ್ರೇಲಿಯಾದಲ್ಲಿ ‘ಮೆನ್ಸ್ ಶೆಡ್’ ಎನ್ನುತ್ತಾರೆ. 1998ರಲ್ಲಿ ವಿಕ್ಟೋರಿಯಾ ರಾಜ್ಯದ ಟೊಂಗಾಲದಲ್ಲಿ ಈ ಹೆಸರಿನ ಶೆಡ್ ತೆರೆಯಿತು. 2007ರಲ್ಲಿ ಅಲ್ಲಿ ರಾಷ್ಟ್ರಮಟ್ಟದ ಸಂಘ ಸ್ಥಾಪನೆಯಾಯಿತು. ಮುಂದೆ ಐರ್ಲೆಂಡ್, ಬ್ರಿಟನ್‌ಗಳಿಗೂ ಈ ಪದ್ಧತಿ ಹಬ್ಬಿತು. ಎದುರುಬದುರು ಕುಳಿತು ಕಷ್ಟ ಹೇಳಿಕೊಳ್ಳದ ಗಂಡಸರು ಹೆಗಲಿಗೆ ಹೆಗಲು ಕೊಟ್ಟು ಕೆಲಸ ಮಾಡುವಾಗ ಬಾಯಿ ಬಿಡುತ್ತಾರೆ ಎಂಬ ತಿಳಿವಳಿಕೆಯೇ ಇದರ ಬುನಾದಿ.

ಮೊದಲು ಐದಾರು ಜನ ಆಸಕ್ತರನ್ನು ಕೂಡಿಸಿ, ವಾರಕ್ಕೆ ಎರಡು ದಿನ, ಗೊತ್ತಾದ ವೇಳೆಗೆ ಸೇರುವುದನ್ನು ರೂಢಿಸಿಕೊಳ್ಳಬೇಕು. ಜಾಗ ನೆಲಮಹಡಿಯಲ್ಲಿರಲಿ, ಗಾಳಿ, ಬೆಳಕು, ಶೌಚಾಲಯ ಇರಲೇಬೇಕು. ಖಾಲಿ ಬಿದ್ದ ವಖಾರಿಯೂ ಆದೀತು, ಆದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು.

ಯಂತ್ರಗಳನ್ನು ಕೊಳ್ಳುವ ಅವಸರ ಬೇಡ. ಗರಗಸ, ಉಳಿ, ರಂದಾ, ಪಾನಾ, ಸುತ್ತಿಗೆಗಳು ಸದಸ್ಯರ ಮನೆಯಲ್ಲೇ ಇರುತ್ತವೆ. ಯಾವುದು ಯಾರದೆಂದು ದಾಖಲೆ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಡ್ರಿಲ್ ಮಶೀನು ತರುವ ಮುನ್ನ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಬೇಕು. ನಮ್ಮ ಭಾಗದ ಹಿರಿಯರು ಧೋತರ ಉಟ್ಟು, ಹೆಗಲ ಮೇಲೆ ಟಾವೆಲ್ ಹಾಕಿಕೊಂಡೇ ಬರುತ್ತಾರೆ. ತಿರುಗುವ ಯಂತ್ರದ ಬಳಿ ಈ ಉಡುಪು ಜೀವಕ್ಕೇ ಅಪಾಯ. ಕೈಗವಸು ಕೂಡ ಡ್ರಿಲ್ಲಿಗೆ ಸಿಕ್ಕಿ ಬೆರಳನ್ನು ಎಳೆದುಕೊಳ್ಳಬಲ್ಲದು, ಆದ್ದರಿಂದ ಅಲ್ಲಿ ಅದನ್ನು ಬಿಚ್ಚಿಡಬೇಕು. ಕಣ್ಣಿನ ರಕ್ಷಣೆಯ ಕನ್ನಡಕ ಎಲ್ಲರಿಗೂ ಕಡ್ಡಾಯ, ಸಕ್ಕರೆ ಕಾಯಿಲೆ ಇರುವವರಿಗೆ ಮುಚ್ಚಿದ ಬೂಟೂ ಕಡ್ಡಾಯ, ಏಕೆಂದರೆ ಅವರ ಪಾದದ ಗಾಯ ಬೇಗ ಮಾಯುವುದಿಲ್ಲ. ಯಾರೂ ಒಬ್ಬರೇ ಇರುವಾಗ ಯಂತ್ರ ಚಾಲೂ ಮಾಡಬಾರದು.

ಅಂಗನವಾಡಿಯ ಆಟಿಕೆ, ಶಾಲೆಯ ಮುರಿದ ಬೆಂಚುಗಳ ದುರಸ್ತಿಯಿಂದ ಶುರುಮಾಡುವುದು ಲೇಸು. ಇಬ್ಬರು ಹಿಡಿದರೆ ಮಾತ್ರ ಆಗುವ ಕೆಲಸಗಳನ್ನು ಬೇಕೆಂದೇ ಆರಿಸಬೇಕು, ಏಕೆಂದರೆ ಮಾತು ಅಲ್ಲಿಯೇ ಹುಟ್ಟುತ್ತದೆ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯ ಕುಶಲಕರ್ಮಿಯೊಬ್ಬರನ್ನು ದಿನಗೂಲಿ ಕೊಟ್ಟು ಕರೆಸಿ ಕಲಿಯಬಹುದು. ಆದರೆ ಕಡಿಮೆ ದರದಲ್ಲಿ ಸಾಮಾನು ಮಾರಿ ಓಣಿಯ ಬಡಿಗೇರನ ಅನ್ನಕ್ಕೆ ಕೈ ಹಾಕುವುದು ಸರ್ವಥಾ ಸಲ್ಲದು.

ಕೆಲಸ ಬಾರದವರೂ ಬರಲಿ. ಚಹಾ ಕುಡಿದು, ಗಿರಮಿಟ್ ತಿಂದು, ಉಸುಕು ಕಾಗದ ಉಜ್ಜುತ್ತ ಕುಳಿತವರೂ ಪೂರ್ಣ ಸದಸ್ಯರೇ. ಎರಡು ವಾರ ಕಾಣದವರ ಮನೆಗೆ ಒಬ್ಬರು ಹೋಗಿ ವಿಚಾರಿಸಬೇಕು. ಯಾರಾದರೂ ಬದುಕಿನ ಮೇಲೆ ಜಿಗುಪ್ಸೆಯ ಮಾತಾಡಿದರೆ ಬುದ್ಧಿವಾದ ಹೇಳಲು ಹೋಗದೆ ಪೂರ್ತಿ ಕೇಳಿಸಿಕೊಂಡು, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಿಸಬೇಕು, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಜೊತೆಯಲ್ಲಿ ಕರೆದೊಯ್ಯಬೇಕು. ಈ ಸಂಖ್ಯೆ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ.

ಹಣ ಕೂಡತೊಡಗಿದಾಗ, ಕನಿಷ್ಠ 7 ಜನರ ಸಹಿಯೊಂದಿಗೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ನೋಂದಾಯಿಸಿ, ಇಬ್ಬರ ಜಂಟಿ ಸಹಿಯ ಬ್ಯಾಂಕ್ ಖಾತೆ ತೆರೆಯಬೇಕು. ಅಲ್ಲಿಯವರೆಗೆ ವಂತಿಗೆ ಮತ್ತು ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ಎಲ್ಲರೆದುರು ಓದಿ ಹೇಳಿದರೆ ಸಾಕು.