ಕಾಪರ್-ಟಿ ತೆಗೆಸುವುದು ಹೇಗೆ? ದಾರ ಕಾಣದಿದ್ದರೆ ಏನು ಮಾಡಬೇಕು?

ಗರ್ಭ ನಿಲ್ಲದಿರಲೆಂದು ಗರ್ಭಕೋಶದೊಳಗೆ ಕಾಪರ್-ಟಿ ಹಾಕಿಸಿಕೊಂಡು ಮರೆತೇಬಿಡುವವರು ಬಹಳ. ಇನ್ನು ಕೆಲವರು ಅದರ ತುದಿಯ ದಾರ ಬೆರಳಿಗೆ ತಾಗಿತೆಂದು ಮನೆಯಲ್ಲೇ ಎಳೆಯಲು ನೋಡುತ್ತಾರೆ. ದಯವಿಟ್ಟು ಆ ಸಾಹಸ ಬೇಡ. ಅಡ್ಡಾದಿಡ್ಡಿ ಎಳೆದರೆ ದಾರ ತುಂಡಾಗಬಹುದು, ಒಳಗೆ ಗಾಯವೂ ಆಗಬಹುದು.

ಮೊದಲು, ಹಾಕಿಸಿದಾಗ ಕೊಟ್ಟ ಕಾರ್ಡ್ ಹುಡುಕಿ. ಕಾಪರ್-ಟಿ 380ಎ ಆದರೆ 10 ವರ್ಷ, 375 ಆದರೆ 5 ವರ್ಷ ಇಟ್ಟುಕೊಳ್ಳಬಹುದು. ಅವಧಿ ಮುಗಿಯಲೇಬೇಕು ಅಂತೇನಿಲ್ಲ. ಬೇಡವೆನಿಸಿದಾಗ ತೆಗೆಸಬಹುದು, ಅದಕ್ಕೆ ನಿಮ್ಮ ಒಪ್ಪಿಗೆ ಸಾಕು, ಗಂಡನ ಸಹಿ ಬೇಡ. 'ಇನ್ನೂ ಸ್ವಲ್ಪ ದಿನ ಇರಲಿ ಬಿಡಮ್ಮ' ಎಂದು ಕಾರಣ ಹೇಳದೆ ವಾಪಸ್ ಕಳಿಸಿದರೆ ಬೇರೆ ಆಸ್ಪತ್ರೆಗೆ ಹೋಗಿ.

ಯಾವ ದಿನವಾದರೂ ಆಗುತ್ತದೆ. ಮುಟ್ಟಿನ ದಿನಗಳಲ್ಲಿ ಗರ್ಭಕೋಶದ ಬಾಯಿ ತುಸು ಸಡಿಲವಾಗಿರುವುದರಿಂದ ನಾನು ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಸದ್ಯಕ್ಕೆ ಮಗು ಬೇಡವೆಂದರೆ ತೆಗೆಸುವ 7 ದಿನ ಮೊದಲಿನಿಂದಲೇ ಕಾಂಡೋಮ್ ಬಳಸಿ. ವೀರ್ಯಾಣು ಒಳಗೆ ಸುಮಾರು 5 ದಿನ ಬದುಕಿರಬಲ್ಲದು, ಕಾಪರ್-ಟಿ ಹೊರಬಂದ ಕೂಡಲೇ ಗರ್ಭ ನಿಲ್ಲಬಹುದು. ಮುಟ್ಟು ತಪ್ಪಿದ್ದರೆ ಮೊದಲು ಗರ್ಭ ಪರೀಕ್ಷೆ ಮಾಡಿಸಿ. ತೆಗೆಸಲು ಹೋಗುವ ಮೊದಲು ತೊಳೆದುಕೊಳ್ಳಲೆಂದು ಮೆಡಿಕಲ್ ಶಾಪಿನ 'ವಾಶ್' ಬಾಟಲಿಗೆ ಹಣ ಸುರಿಯಬೇಡಿ. ಸಾದಾ ನೀರಲ್ಲಿ ಹೊರಗಡೆ ತೊಳೆದುಕೊಂಡರೆ ಸಾಕು.

ತೆಗೆಯುವ ಕೆಲಸ ಒಂದೆರಡು ನಿಮಿಷದ್ದು. ಡಾಕ್ಟರೋ ತರಬೇತಾದ ನರ್ಸೋ ಸ್ಪೆಕ್ಯುಲಮ್ (ಒಳಗೆ ಕಾಣುವಂತೆ ಯೋನಿಯನ್ನು ಅಗಲಿಸುವ ಸಾಧನ) ಇಟ್ಟು, ದಾರವನ್ನು ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಎಳೆಯುತ್ತಾರೆ. ಟಿ-ಯ ಎರಡೂ ತೋಳು ಮಡಚಿಕೊಂಡು ಹೊರಬರುತ್ತವೆ. ಮೈ ಬಿಗಿ ಹಿಡಿದರೆ ನೋವು ಜಾಸ್ತಿ, ಉದ್ದಕ್ಕೆ ಉಸಿರು ಬಿಡಿ. ತಡೆಯದಿದ್ದರೆ 'ನಿಲ್ಲಿಸಿ' ಎನ್ನಿ, ಸಂಕೋಚ ಬೇಡ.

ದಾರ ಕಾಣದಿದ್ದರೆ? ಎಲ್ಲರೂ ಗಾಬರಿಯಾಗುವುದು ಇಲ್ಲೇ. ಹೆರಿಗೆಯಾದ ಕೂಡಲೇ ಹಾಕಿದ ಕಾಪರ್-ಟಿಯಲ್ಲಿ ದಾರ ಮೇಲೆ ಸುತ್ತಿಕೊಂಡಿರುವುದು ಸಾಮಾನ್ಯ. ಗರ್ಭಿಣಿಯಲ್ಲವೆಂದು ಖಚಿತವಾದ ಮೇಲೆ ಗರ್ಭಕೋಶದ ಬಾಯಿಯಲ್ಲಿ ಸಣ್ಣ ಬ್ರಶ್ ತಿರುಗಿಸಿದರೆ ಎಷ್ಟೋ ಸಲ ದಾರ ಕೆಳಗಿಳಿಯುತ್ತದೆ. ಬರಲಿಲ್ಲವೆಂದರೆ ಅಲ್ಲಿಗೆ ನಿಲ್ಲಿಸಿ ಸ್ಕ್ಯಾನ್ ಕೇಳಿ. ಸ್ಕ್ಯಾನ್ ಇಲ್ಲದೆ ಒಳಗೆ ಮತ್ತೆ ಮತ್ತೆ ತಡಕಾಡಲು ಬಿಡಬೇಡಿ. ಸ್ಕ್ಯಾನಿನಲ್ಲೂ ಇಲ್ಲದಿದ್ದರೆ ಹೊಟ್ಟೆಯ ಎಕ್ಸ್-ರೇ. ಅದರಲ್ಲೂ ಇಲ್ಲವೆಂದರೆ ಯಾವಾಗಲೋ ನಿಮಗೆ ತಿಳಿಯದೆ ಬಿದ್ದುಹೋಗಿದೆ. ಗರ್ಭಕೋಶದಲ್ಲೇ ಸಿಕ್ಕಿಕೊಂಡಿದ್ದರೆ ಸ್ತ್ರೀರೋಗ ತಜ್ಞರು ಹಿಸ್ಟರೋಸ್ಕೋಪ್ (ಗರ್ಭಕೋಶದ ಒಳಗನ್ನು ತೋರಿಸುವ ತೆಳ್ಳಗಿನ ಕೊಳವೆ) ಹಾಕಿ, ನೋಡಿಕೊಂಡೇ ತೆಗೆಯುತ್ತಾರೆ.

ತೆಗೆದದ್ದನ್ನು ತೋರಿಸಿ ಎಂದು ಕೇಳಿ. ಎರಡೂ ತೋಳು ಇರಬೇಕು. ಮುರಿದಿದ್ದರೆ ಉಳಿದ ಚೂರು ಎಲ್ಲಿದೆ ಎಂದು ಹುಡುಕಲೇಬೇಕು. ಮಗು ಇನ್ನೂ ಬೇಡವೆಂದರೆ ಹೊಸ ಕಾಪರ್-ಟಿಯನ್ನು ಸಾಮಾನ್ಯವಾಗಿ ಆಗಲೇ ಹಾಕಿಸಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭ ತಡೆಯುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆಯೂ ಉಚಿತ.

ಒಂದೆರಡು ದಿನ ಹೊಟ್ಟೆ ಹಿಂಡಿದಂತಾಗಿ ಸ್ವಲ್ಪ ರಕ್ತ ಕಾಣಿಸಬಹುದು. ಜ್ವರ, ಕೆಟ್ಟ ವಾಸನೆಯ ಬಿಳಿಸೆರಗು, ಕಡಿಮೆಯಾಗದ ಹೊಟ್ಟೆನೋವು ಅಥವಾ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.