ಶುಗರ್ ಇರುವ ನೆಂಟರು ಊಟಕ್ಕೆ ಬಂದಾಗ

ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಸೋದರಮಾವ ಬಂದಿದ್ದರು. ಅವರಿಗೆ 20 ವರ್ಷದಿಂದ ಶುಗರ್, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅವರಿಗೆಂದೇ ಮೆಂತ್ಯಸೊಪ್ಪಿನ ಪಲ್ಯ, ಬೆಲ್ಲ ಹಾಕದ ಹಾಗಲಕಾಯಿ ಗೊಜ್ಜು ಮಾಡಿದ್ದೆ. ಒಳಗಿನಿಂದ ಯಾರೋ "ಇನ್ನೇನು ಊಟ" ಎಂದು ಕೂಗಿದ್ದು ಕೇಳಿ ಮಾವ ಇಂಜೆಕ್ಷನ್ ಚುಚ್ಚಿಕೊಂಡರು. ಆದರೆ ಮಂಗಳಾರತಿ ಮುಗಿದು ಎಲೆ ಹಾಕುವ ಹೊತ್ತಿಗೆ ಎರಡೂವರೆ. ನೀರು ಕೊಡಲು ಹೋದೆ. ಲೋಟ ಹಿಡಿದ ಕೈ ನಡುಗುತ್ತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. "ಯಾಕೆ ಮಾವ, ಇಷ್ಟು ಬೆವರ್ತಾ ಇದೀರಿ?" ಅಂದೆ. "ಏನಿಲ್ಲಮ್ಮ, ಮೊದಲು ಬೇರೆಯವರಿಗೆ ಬಡಿಸು" ಅಂದರು. ಅತ್ತೆ ನೋಡಿದವರೇ ಓಡಿ ಹೋಗಿ ಸಕ್ಕರೆ ನೀರು ತಂದು ಕುಡಿಸಿದರು.

ಅಡುಗೆ ಸರಿಯಾಗಿಯೇ ಇತ್ತು. ತಪ್ಪಿದ್ದು ಹೊತ್ತು. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾದ್ದರಿಂದ ಶುಗರ್ ತೀರಾ ಇಳಿದುಹೋಗಿತ್ತು. ಆವತ್ತಿನಿಂದ ನನ್ನ ಕೆಲಸ ಶುರುವಾಗುವುದು ಒಲೆ ಹತ್ತಿರ ಅಲ್ಲ, ಫೋನ್ ಹತ್ತಿರ.

ಹಿಂದಿನ ದಿನವೇ ಕೇಳಿ

ಎಷ್ಟು ಗಂಟೆಗೆ ಊಟ ಮಾಡ್ತೀರಿ? ಊಟಕ್ಕೆ ಮೊದಲು ಇನ್ಸುಲಿನ್ ಅಥವಾ ಮಾತ್ರೆ ಇದೆಯಾ? ಡಾಕ್ಟರು ಏನಾದರೂ ಬೇಡ ಅಂದಿದ್ದಾರಾ? ಇಷ್ಟು ಕೇಳಿದರೆ ಸಾಕು. ಕೊನೆಯ ಪ್ರಶ್ನೆ ಬಿಡಬೇಡಿ. ಶುಗರ್ ಜೊತೆ ಕಿಡ್ನಿ ತೊಂದರೆಯೂ ಇದ್ದರೆ ಬೇಳೆ, ಸೊಪ್ಪು, ಹಣ್ಣಿಗೂ ಮಿತಿ ಇರಬಹುದು. ಬಿಪಿ ಇದ್ದರೆ ಉಪ್ಪಿನಕಾಯಿ, ಹಪ್ಪಳ ದೂರ ಇಡಬೇಕು.

ಒಂದು ಗಂಟೆ ಅಂದರೆ ಒಂದಕ್ಕೇ ಎಲೆ ಹಾಕಿ. ಪೂಜೆ ತಡವಾದರೆ ಅವರೊಬ್ಬರಿಗೆ ಮೊದಲು ಬಡಿಸಿ. ಹಸಿದವರಿಗೆ ಅನ್ನ ಹಾಕಿದ್ದಕ್ಕೆ ಯಾವ ದೇವರೂ ಕೋಪಿಸಿಕೊಳ್ಳುವುದಿಲ್ಲ. ಊಟ ನಿಜವಾಗಿ ಎಷ್ಟು ಹೊತ್ತಿಗೆ ಸಿದ್ಧವಾಗುತ್ತದೆ ಎಂದು ಅವರಿಗೆ ಹೇಳುತ್ತಿರಿ. ಸುಮ್ನೆ "ಇನ್ನೈದು ನಿಮಿಷ" ಅನ್ನಬೇಡಿ.

ಎಲ್ಲರಿಗೂ ಒಂದೇ ಅಡುಗೆ

ನೆಂಟರಿಗೆ ಬೇರೆ ಪಾತ್ರೆಯಲ್ಲಿ ಚಪ್ಪೆ ಅಡುಗೆ ಮಾಡಿ ಮೂಲೆಯಲ್ಲಿ ಇಡಬೇಡಿ. ಪಂಕ್ತಿಯಲ್ಲಿ ಕೂತವರಿಗೆ ಅದು ಎಷ್ಟು ಬೇಜಾರು ಅಲ್ವಾ? ನಮ್ಮ ದಿನನಿತ್ಯದ ಅಡುಗೆಯೇ ಸಾಕು, ಅಳತೆ ಬದಲಾಗಬೇಕು ಅಷ್ಟೇ. ಎಲೆಯ ಅರ್ಧ ಭಾಗ ಪಲ್ಯ, ಕೋಸಂಬರಿ. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನ, ಚಪಾತಿ ಅಥವಾ ಮುದ್ದೆ. ಹುರುಳಿಕಾಯಿ, ಹೀರೆಕಾಯಿ, ಪಡವಲಕಾಯಿ, ಸೋರೆಕಾಯಿ, ಯಾವುದೇ ಸೊಪ್ಪು ಧಾರಾಳವಾಗಿ ಮಾಡಿ. ಆಲೂಗಡ್ಡೆ ಪಲ್ಯವನ್ನು ಮಾತ್ರ ತರಕಾರಿ ಲೆಕ್ಕಕ್ಕೆ ಸೇರಿಸಬೇಡಿ, ಅದು ಅನ್ನದ ಲೆಕ್ಕ.

ಕೋಸಂಬರಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಅದು ಈ ಊಟದ ಜೀವ. ಅರ್ಧ ಲೋಟ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ. ಉಗುರಿನಿಂದ ಒತ್ತಿದರೆ ಬೇಳೆ ಮುರಿಯಬೇಕು. ನೀರನ್ನು ಪೂರ್ತಿ ಬಸಿಯಿರಿ. ಎರಡು ಎಳೆ ಸೌತೆಕಾಯಿ ಸಣ್ಣಗೆ ಹೆಚ್ಚಿ, ಒಂದು ಕ್ಯಾರೆಟ್ ತುರಿದು ಹಾಕಿ. ಎರಡು ಚಮಚ ತೆಂಗಿನ ತುರಿ, ಕೊತ್ತಂಬರಿ, ನಿಂಬೆರಸ ಸಾಕು. ಸಾಸಿವೆ, ಇಂಗು, ಹಸಿಮೆಣಸಿನ ಒಗ್ಗರಣೆ ಕೊಡಿ. ಉಪ್ಪು ಬಡಿಸುವಾಗಲೇ ಹಾಕಿ, ಮೊದಲೇ ಹಾಕಿದರೆ ಸೌತೆ ನೀರು ಬಿಡುತ್ತದೆ. ಪಲ್ಯ, ಕೋಸಂಬರಿಯನ್ನು ಮೊದಲು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಊಟದ ನಂತರ ಶುಗರ್ ಅಷ್ಟು ಬೇಗ ಏರುವುದಿಲ್ಲ. ಅದಕ್ಕೇ ಅನ್ನ ತರುವುದನ್ನು ನಾನು ಬೇಕೆಂದೇ ಹತ್ತು ನಿಮಿಷ ತಡ ಮಾಡುತ್ತೇನೆ. ಊಟ ಶುರುವಾದ ಮೇಲೆ ಇಷ್ಟು ತಡ ಪರವಾಗಿಲ್ಲ.

ಮುದ್ದೆ ಎಷ್ಟು ತಿಂದರೂ ಏನೂ ಆಗಲ್ಲ ಅನ್ನುವ ಮಾತು ನಮ್ಮ ಕಡೆ ಬಹಳ. ರಾಗಿಯಲ್ಲಿ ನಾರು ಜಾಸ್ತಿ, ನಿಜ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ, ಅಕ್ಕಿಗಿಂತ ತುಸು ಕಡಿಮೆ ಅಷ್ಟೇ. ಆದ್ದರಿಂದ ಸಣ್ಣ ಮುದ್ದೆ, ಜಾಸ್ತಿ ಬಸ್ಸಾರು ಅಥವಾ ಮಸ್ಸೊಪ್ಪು. ನುಣ್ಣಗೆ ಕುದಿಸಿದ ರಾಗಿ ಗಂಜಿ ಮುದ್ದೆಗಿಂತ ಬೇಗ ಶುಗರ್ ಏರಿಸುತ್ತದೆ. ನವಣೆ, ಸಾಮೆಗೂ ಅಳತೆ ಬೇಕು.

ಕಾಫಿ, ತಿಂಡಿ, ಸಿಹಿ

ಸಕ್ಕರೆ ಬದಲು ಬೆಲ್ಲ ಹಾಕಿದರೆ ಆಗುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಆಗುವುದಿಲ್ಲ. ಬೆಲ್ಲ, ಜೇನುತುಪ್ಪ ಎರಡೂ ಶುಗರ್ ಏರಿಸುತ್ತವೆ. ಕಾಫಿಯನ್ನು ಸಕ್ಕರೆ ಇಲ್ಲದೆ ಮಾಡಿ, ಬೇಕಾದವರು ಹಾಕಿಕೊಳ್ಳಲಿ. 'ಶುಗರ್ ಫ್ರೀ' ಎಂದು ಬರೆದ ಬಿಸ್ಕತ್ತಿನಲ್ಲೂ ಮೈದಾ ಇರಬಹುದು, ಪ್ಯಾಕೆಟ್ ತಿರುಗಿಸಿ ಓದಿ.

ಸಂಜೆಗೆ ಕಡಲೆಕಾಳು ಉಸಲಿ, ಹೆಸರುಕಾಳು ಗುಗ್ಗರಿ, ಒಂದು ಹಿಡಿ ಹುರಿದ ಕಡಲೆಬೀಜ, ನೀರು ಮಜ್ಜಿಗೆ ಕೊಡಿ. ಬೆಳಗಿನ ತಿಂಡಿಗೆ ಹೆಸರುಬೇಳೆ ದೋಸೆ, ಇಲ್ಲವೇ ರವೆಗೆ ಸರಿಸಮ ತರಕಾರಿ ಹಾಕಿದ ಉಪ್ಪಿಟ್ಟು. ಹಣ್ಣಾದರೆ ಒಂದು ಸಣ್ಣ ಸೀಬೆಹಣ್ಣು, ಕಚ್ಚಿ ತಿನ್ನಲಿ. ಜ್ಯೂಸ್ ಬೇಡ.

ಹೋಳಿಗೆ ಮಾಡಿದ ದಿನ ಏನು ಮಾಡಬೇಕು? ಕೇಳಿ. ಕಾಲು ಹೋಳಿಗೆ ಬೇಕು ಅಂದರೆ ಕಾಲೇ ಬಡಿಸಿ, ಅದಕ್ಕೆ ತಕ್ಕಂತೆ ಅನ್ನ ಕಡಿಮೆ ಮಾಡಿ. ಬೇಡ ಅಂದರೆ ಬಿಟ್ಟುಬಿಡಿ. "ಒಂದು ದಿನ ತಿಂದರೆ ಏನಾಗುತ್ತೆ?" ಎನ್ನುವ ಉಪಚಾರವನ್ನು ನಾವು ಬಿಡಲೇಬೇಕು. ಆ ಒಂದು ದಿನ ಅವರಿಗೆ ಪ್ರತಿ ಮನೆಯಲ್ಲೂ ಬರುತ್ತದೆ.

ಶುಗರ್ ಇಳಿದರೆ

ಬೆವರು, ನಡುಕ, ಎದೆ ಡವಡವ, ತೊದಲು ಮಾತು ಕಂಡರೆ ಕಾಯಬೇಡಿ. ಮೀಟರ್ ಇದ್ದರೆ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಮೀಟರ್ ಇಲ್ಲದಿದ್ದರೂ ಕುಡಿಸಿ. ಚಾಕೊಲೇಟು, ಮೈಸೂರ್‌ಪಾಕ್ ಈ ಹೊತ್ತಿಗೆ ಬೇಡ, ಅವುಗಳಲ್ಲಿನ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. 15 ನಿಮಿಷ ಬಿಟ್ಟು ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಮಾಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.

ಮಾವ ಈಗಲೂ ಹಬ್ಬಕ್ಕೆ ಬರುತ್ತಾರೆ. ಒಂದು ಗಂಟೆಗೆ ಅವರ ಎಲೆ ಹಾಕಿರುತ್ತೇನೆ. ಹೊರಡುವಾಗ ಒಂದು ಪೊಟ್ಟಣದಲ್ಲಿ ಹುರಿಗಡಲೆ, ಇನ್ನೊಂದರಲ್ಲಿ ಸಕ್ಕರೆ ಕಟ್ಟಿ ಅವರ ಬ್ಯಾಗಿನ ಮೇಲಿನ ಜೇಬಿನಲ್ಲಿ ಇಡುತ್ತೇನೆ. ದಾರಿಯಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೋ ಹೇಳಲಾಗದು.