ಹೊರರಾಜ್ಯಕ್ಕೆ ಲೋಡ್ ಲಾರಿ: ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ಬೆಂಗಳೂರಿನಿಂದ ದೆಹಲಿಗೆ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಸುಮಾರು 2,150 ಕಿ.ಮೀ. ಲೋಡ್ ಲಾರಿಯ ಸರಾಸರಿಯನ್ನು ಗಂಟೆಗೆ 40 ಕಿ.ಮೀ.ಗಿಂತ ಹೆಚ್ಚು ಹಿಡಿಯಬೇಡಿ. ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ 80ಕ್ಕಿದೆಯಲ್ಲ ಎಂದು 60ರ ಲೆಕ್ಕ ಹಾಕುವವರಿದ್ದಾರೆ. ಟೋಲು, ಘಾಟಿ, ಊರೊಳಗಿನ ಜಾಮು ಸೇರಿದರೆ ಆ ಲೆಕ್ಕ ಮೊದಲ ದಿನವೇ ಕೈಕೊಡುತ್ತದೆ. ಡ್ರೈವರ್‌ಗೆ ಕಾನೂನು ಹೇಳುವುದು ದಿನಕ್ಕೆ 8, ವಾರಕ್ಕೆ 48 ಗಂಟೆ ಕೆಲಸ. ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು. ಅಂದರೆ ದಿನಕ್ಕೆ 320 ಕಿ.ಮೀ., ಆರು ದಿನಕ್ಕೆ 1,920. ಏಳನೆಯ ದಿನ ರಜೆ, ಉಳಿದ 230 ಕಿ.ಮೀ. ಎಂಟನೆಯ ದಿನ. ಮಾಲು ಕಳಿಸುವ ಪಾರ್ಟಿಗೂ ಎಂಟು ದಿನವೆಂದೇ ಹೇಳಿ. ನಾಲ್ಕೈದು ದಿನದಲ್ಲಿ ಬೇಕೆಂದರೆ ಹೆವಿ ಲೈಸೆನ್ಸ್ ಇರುವ ಇಬ್ಬರು ಡ್ರೈವರ್ ಬೇಕು. ಲೈಸೆನ್ಸ್ ಇಲ್ಲದ ಕ್ಲೀನರ್ ಕೈಗೆ ರಾತ್ರಿ ಸ್ಟೇರಿಂಗ್ ಕೊಟ್ಟು, ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕೈ ತೊಳೆದುಕೊಳ್ಳುತ್ತದೆ.

ಈ ಎಂಟು ದಿನವನ್ನು ಈಗ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಡಿ ಆನ್‌ಲೈನ್‌ನಲ್ಲಿ ಮಾಡಿಸುವ ಪತ್ರ) ಅವಧಿಯ ಜೊತೆ ಹೋಲಿಸಿ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಬಿಲ್ ಬೇಕೇ ಬೇಕು. 200 ಕಿ.ಮೀ.ಗೆ ಒಂದು ದಿನ, ಉಳಿಕೆಗೂ ಒಂದು ದಿನ, 2,150 ಕಿ.ಮೀ.ಗೆ 11 ದಿನದ ಅವಧಿ ಸಿಗುತ್ತದೆ. ಮೊದಲ ದಿನ ಮುಗಿಯುವುದು ಮರುದಿನದ ನಡುರಾತ್ರಿಗೆ. ಮೂರು ದಿನ ಕೈಯಲ್ಲಿದೆ ಎನಿಸುತ್ತದೆ, ಆದರೆ ಎಡವಟ್ಟಾಗುವುದು ಇಲ್ಲೇ. ಗಡಿಯಾರ ಶುರುವಾಗುವುದು ಲಾರಿ ಹೊರಟಾಗಲ್ಲ, ಬಿಲ್ಲಿನಲ್ಲಿ ವಾಹನದ ವಿವರ ತುಂಬುವ ಭಾಗ-ಬಿಯಲ್ಲಿ ಲಾರಿ ನಂಬರ್ ಮೊದಲ ಬಾರಿ ತುಂಬಿದಾಗ. ಲಾರಿ ಬುಕ್ ಆದ ಕೂಡಲೇ ಗುಮಾಸ್ತರು ನಂಬರ್ ಹಾಕಿಬಿಡುತ್ತಾರೆ. ಆಮೇಲೆ ಗೋಡೌನ್ ಮುಂದೆ ಎರಡು ದಿನ ಕಾದರೆ ಆ ಎರಡು ದಿನ ಹೋದಂತೆಯೇ. ಲೋಡ್ ಮುಗಿದು, ತೂಕವಾಗಿ, ತಾಡಪಾಲು ಕಟ್ಟಿದ ಮೇಲಷ್ಟೇ ಭಾಗ-ಬಿ ತುಂಬಲು ಹೇಳಿ.

ಅವಧಿ ಸಾಲದಿದ್ದರೆ ವಿಸ್ತರಣೆ ಉಂಟು. ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯವರೆಗೆ ಮಾತ್ರ ಪೋರ್ಟಲ್ ಬಿಡುತ್ತದೆ. ಅದನ್ನು ಡ್ರೈವರ್ ನೆನಪಿಗೆ ಬಿಡದೆ ಆಫೀಸಿನಲ್ಲೊಬ್ಬರು ನೋಡಿಕೊಳ್ಳಬೇಕು. ಅವಧಿ ಮುಗಿದ ಬಿಲ್ಲಿನೊಂದಿಗೆ ಸಿಕ್ಕಿಬಿದ್ದರೆ ಜಿಎಸ್‌ಟಿ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ದಂಡ ತೆರಿಗೆಯ ಎರಡರಷ್ಟು: 18% ತೆರಿಗೆಯ 10 ಲಕ್ಷದ ಮಾಲಿಗೆ 3.6 ಲಕ್ಷ. ಲಾರಿ ನಂಬರಿನ ಒಂದೆರಡು ಅಂಕಿ ತಪ್ಪಿದ್ದರೆ ಮಾತ್ರ ಸಾವಿರ ರೂಪಾಯಿಗೆ ಮುಗಿಯುತ್ತದೆ. ದಾರಿಯಲ್ಲಿ ಕೆಟ್ಟು ಬೇರೆ ಲಾರಿಗೆ ಮಾಲು ಬದಲಾಯಿಸಿದರೆ, ಹೊಸ ನಂಬರ್ ಭಾಗ-ಬಿಯಲ್ಲಿ ಏರಿದ ಮೇಲೆಯೇ ಗಾಡಿ ಕದಲಬೇಕು. ಹಲವು ಪಾರ್ಟಿಗಳ ಮಾಲಿಗೆ ಒಟ್ಟು ಸೇರಿಸಿ ಮಾಡುವ ಬಿಲ್‌ಗೆ ತನ್ನದೇ ಅವಧಿಯಿಲ್ಲ. ಒಳಗಿನ ಒಂದೊಂದು ಬಿಲ್ಲಿನ ತಾರೀಖನ್ನೂ ನೋಡಬೇಕು.

ತೂಕಕ್ಕೆ ಆರ್‌ಸಿಯಲ್ಲಿರುವ (ಗಾಡಿಯ ನೋಂದಣಿ ಪತ್ರ) ಒಟ್ಟು ತೂಕವೇ ಮಿತಿ. 2018ರಲ್ಲಿ ಆಕ್ಸಲ್ (ಚಕ್ರಗಳ ಅಚ್ಚು) ಮೇಲಿನ ತೂಕದ ಮಿತಿ ಏರಿತು ನಿಜ, ಆದರೆ ಹಳೆಯ ಲಾರಿಯ ಆರ್‌ಸಿಯಲ್ಲಿ ಹಳೆಯ ಅಂಕಿಯೇ ಇದ್ದರೆ ಹೊಸದನ್ನು ನಂಬಿ ತುಂಬಬೇಡಿ. ಹೊಸ ಲೆಕ್ಕದಲ್ಲಿ ಮುಂದಿನ ಆಕ್ಸಲ್‌ಗೆ 7 ಟನ್, ನಾಲ್ಕು ಟೈರಿನ ಹಿಂದಿನ ಆಕ್ಸಲ್‌ಗೆ 11.5, ಹಿಂದಿನ ಜೋಡಿ ಆಕ್ಸಲ್‌ಗೆ 21. ಒಟ್ಟು ತೂಕ ಸರಿಯಿದ್ದರೂ ಭಾರವೆಲ್ಲ ಹಿಂದಕ್ಕೆ ಬಿದ್ದರೆ ಸ್ಟೇರಿಂಗ್ ಹಗುರಾಗುತ್ತದೆ, ಹಿಂದಿನ ಟೈರು ಕಾದು ಒಡೆಯುತ್ತದೆ. ಡೀಸೆಲ್ ಟ್ಯಾಂಕ್ ತುಂಬಿಸಿಯೇ ವೇಬ್ರಿಡ್ಜ್ ಹತ್ತಿಸಿ, ಚೀಟಿ ಇಟ್ಟುಕೊಳ್ಳಿ. ಓವರ್‌ಲೋಡ್ ದಂಡ 20,000 ರೂಪಾಯಿ, ಮೇಲೆ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸುವವರೆಗೆ ಗಾಡಿ ಬಿಡುವುದಿಲ್ಲ. ತೂಕಕ್ಕೆ ನಿಲ್ಲಿಸದೆ ಓಡಿಸಿದರೆ 40,000. ಮಾಲು ಬಾಡಿಯಿಂದ ಆಚೆ ಚಾಚಿದ್ದರೂ 20,000.

ಆರ್‌ಸಿ, ಎಫ್‌ಸಿ (ಫಿಟ್ನೆಸ್ ಪತ್ರ), ಇನ್ಶೂರೆನ್ಸ್, ಎಮಿಷನ್ ಪತ್ರ, ಪರ್ಮಿಟ್, ಲೈಸೆನ್ಸ್ ಡಿಜಿಲಾಕರ್‌ನಲ್ಲಿದ್ದರೆ ಸಾಕು. ತಾರೀಖು ನೋಡುವಾಗ ಹೋಗುವ ದಿನವನ್ನಲ್ಲ, ವಾಪಸ್ ಬರುವ ದಿನವನ್ನು ನೋಡಿ. ನ್ಯಾಷನಲ್ ಪರ್ಮಿಟ್‌ನ ಅನುಮತಿ ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದು ಎಷ್ಟೋ ಜನಕ್ಕೆ ಮರೆತೇಹೋಗುತ್ತದೆ. ಇನ್‌ವಾಯ್ಸ್, ಎಲ್‌ಆರ್ (ಲಾರಿ ರಸೀದಿ) ಕ್ಯಾಬಿನ್‌ನಲ್ಲಿರಲಿ. ಫಾಸ್ಟ್ಯಾಗ್‌ನಲ್ಲಿ ದುಡ್ಡಿಲ್ಲದೆ ನಗದು ಕೊಟ್ಟರೆ ಟೋಲ್ ಎರಡರಷ್ಟು. ದೆಹಲಿಯಲ್ಲಿ ಹಗಲು ಭಾರಿ ವಾಹನಗಳಿಗೆ ನೋ ಎಂಟ್ರಿ ಇರುತ್ತದೆ, ಚಳಿಗಾಲದಲ್ಲಿ ಹೊಗೆ ಹೆಚ್ಚಾದರೆ ಹಳೆಯ ಡೀಸೆಲ್ ಲಾರಿಗಳನ್ನು ತಡೆಯುತ್ತಾರೆ. ಆ ವಾರದ ಆದೇಶ ವಿಚಾರಿಸಿಯೇ ಲೋಡ್ ಒಪ್ಪಿಕೊಳ್ಳಿ.

ಬಿಎಸ್-6 ಗಾಡಿಯಾದರೆ ಡೀಸೆಲ್‌ನ ಸುಮಾರು 5% ಡಿಇಎಫ್ (ಹೊಗೆ ಶುದ್ಧಗೊಳಿಸಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ) ಬೇಕು. ಲೀಟರಿಗೆ 4 ಕಿ.ಮೀ. ಲೆಕ್ಕದಲ್ಲಿ 540 ಲೀಟರ್ ಡೀಸೆಲ್, 27 ಲೀಟರ್ ಡಿಇಎಫ್. ಡಿಇಎಫ್ ಖಾಲಿಯಾದರೆ ಎಂಜಿನ್ ತಾನೇ ಪವರ್ ಇಳಿಸುತ್ತದೆ. ಘಾಟಿ ಹತ್ತುವಾಗ ಅದು ಬೇಡ. ಟೈರಿನ ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ ನೋಡಿ, ಸ್ಟೆಪ್ನಿಯದ್ದೂ. ಹೊರಟು 50 ಕಿ.ಮೀ. ಆದ ಮೇಲೆ ಒಂದು ಸಲ ನಿಲ್ಲಿಸಿ ಹಗ್ಗ ಬಿಗಿಯಿರಿ, ಅಷ್ಟರಲ್ಲಿ ಮಾಲು ಕುಸಿದು ಹಗ್ಗ ಸಡಿಲಾಗಿರುತ್ತದೆ.

ವಾಪಸ್ ಲೋಡ್ ವಿಷಯದಲ್ಲಿ ಒಂದು ನಿಯಮ ನೆನಪಿರಲಿ. ಕರ್ನಾಟಕದ ನ್ಯಾಷನಲ್ ಪರ್ಮಿಟ್ ಲಾರಿ ಬೇರೊಂದು ರಾಜ್ಯದೊಳಗೇ ತುಂಬಿ ಅದೇ ರಾಜ್ಯದೊಳಗೆ ಇಳಿಸುವಂತಿಲ್ಲ. ನಾಗಪುರದಿಂದ ಪುಣೆಗೆ ಒಳ್ಳೆಯ ಬಾಡಿಗೆ ಸಿಕ್ಕರೂ ಅದನ್ನು ಬಿಟ್ಟು, ಹುಬ್ಬಳ್ಳಿಗೋ ಹೈದರಾಬಾದಿಗೋ ಲೋಡ್ ಕೇಳಿ.